ಎರಡು ದೀಪಸ್ತಂಭಗಳು

ದುದ್ದದಂತಹ ಒಳನಾಡಿನ ಊರಿನವರಿಗೆ ದೀಪಸ್ತಂಭವೆಂದರೆ ಗುಡಿಯ ಮುಂದೆ ಕಾರ್ತಿಕದಲ್ಲಿ ಬೆಳಗುವ ಕಲ್ಲುಕಂಬ. ‘ಬನ್ನಿ’ ಎಂದು ಕರೆಯುವ ಬೆಳಕು. ಕಾರವಾರದ ಎದುರಿಗೆ, ಕಡಲ ನಡುವಿನ ದೇವಗಡ ದ್ವೀಪದಲ್ಲಿ 1864ರಲ್ಲಿ ನಿಂತ ದೀಪಸ್ತಂಭದ ಧರ್ಮವೇ ಬೇರೆ. ‘ಇಲ್ಲಿ ಬಂಡೆಯಿದೆ, ದೂರ ಸರಿ’ ಎಂಬುದೇ ಅದರ ನುಡಿ. ತನ್ನ ಬಳಿಗೆ ಬಾರದವರನ್ನೇ ಅದು ಕಾಯುತ್ತದೆ. ದೋಣಿಯೇರಿ ಹೋಗಿ, ಆ ದ್ವೀಪದ ಗಾಳಿಯಲ್ಲಿ ಒಂದು ಗಳಿಗೆ ನಿಂತವರಿಗೆ ಈ ಮಾತಿನ ಅರ್ಥ ತಾನಾಗಿ ಹೊಳೆದೀತು.

ಇಂದು ಹಡಗುಗಳಿಗೆ ಉಪಗ್ರಹಗಳೂ ದಾರಿ ತೋರುತ್ತವೆ. 1927ರ ದೀಪಸ್ತಂಭ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಕಾಯಿದೆಯು ಹಳೆಯ ದೀಪಸ್ತಂಭಗಳನ್ನು ಪರಂಪರೆಯ ಆಸ್ತಿಯೆಂದು ಸಾರಲು ಎಡೆ ಮಾಡಿಕೊಟ್ಟಿದೆ. ಇದು ಮೆಚ್ಚತಕ್ಕ ಮಾತೇ ಸರಿ. ಆದರೆ ಗೋಪುರಕ್ಕೆ ಬಣ್ಣ ಬಳಿದು ಪ್ರವಾಸಿಗಳನ್ನು ಮೆಟ್ಟಿಲು ಹತ್ತಿಸಿದ ಮಾತ್ರಕ್ಕೆ ಪರಂಪರೆ ಉಳಿಯದು. ಮುಂಗಾರಿನ ಬಿರುಗಾಳಿಯಲ್ಲಿ, ದಡದಿಂದ ದೂರವಾಗಿ, ಮುಖವರಿಯದ ನಾವಿಕರಿಗಾಗಿ ರಾತ್ರಿಯೆಲ್ಲ ದೀಪ ಕಾಯ್ದವರ ಬಾಳೂ ಪರಂಪರೆಯೇ ಅಲ್ಲವೆ? ಅವರ ದಿನಚರಿಗಳನ್ನೂ ಅವರ ಮನೆಯವರ ನೆನಪುಗಳನ್ನೂ ಕನ್ನಡದಲ್ಲಿ ಸಂಗ್ರಹಿಸಬೇಕು. ನಮ್ಮ ಜಿಲ್ಲೆಯ ಬೇಲೂರಿನಲ್ಲಿ ಶಿಲ್ಪಿ ದಾಸೋಜನ ಹೆಸರು ಕಲ್ಲಿನಲ್ಲಿ ಉಳಿದಿದೆ. ದೀಪ ಕಾಯ್ದವರ ಹೆಸರು ದೀಪದ ಎಣ್ಣೆಯೊಡನೆ ತೀರಿಹೋಗಬಾರದು.