ಬಿಸಿಲು, ಹುಳಿ ಮತ್ತು ನಮ್ಮ ಪಲ್ಪಿಂಗ್ ನೀರು



ಕೊಯ್ಲು ಬಂತೆಂದರೆ ಪಲ್ಪಿಂಗ್ ನೀರಿನ ಚಿಂತೆಯೂ ಬಂತು. ಈ ನೀರು ಹಳ್ಳಕ್ಕಿಳಿದರೆ ಮೀನು ಸಾಯುತ್ತದೆ, ಕೆಳಗಿನ ಊರಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಅವರ ದೂರು ನ್ಯಾಯವಾದದ್ದೇ. ಈ ಭಯವನ್ನೇ ಬಂಡವಾಳ ಮಾಡಿಕೊಂಡು, "ಗುಂಡಿಗೆ ಪೆರಾಕ್ಸೈಡ್ ಸುರಿಯಿರಿ, ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ" ಎಂದು ಹೇಳುವವರು ನಮ್ಮ ಕೆಲವು ಸದಸ್ಯರ ಮನೆ ಬಾಗಿಲಿಗೆ ಬಂದು ಹೋಗಿದ್ದಾರೆ.

ವಿಧಾನ ಸುಳ್ಳಲ್ಲ. ಕಬ್ಬಿಣದ ಲವಣವೂ ಪೆರಾಕ್ಸೈಡೂ ಸೇರಿದರೆ ಸಾವಯವ ವಸ್ತು ಒಡೆಯುತ್ತದೆಂದು 1894ರಲ್ಲಿ ಇಂಗ್ಲೆಂಡಿನ ಫೆಂಟನ್ ತೋರಿಸಿದರು. ಒಡೆಯುವ ಕೆಲಸ ಮಾಡುವುದು ಹೈಡ್ರಾಕ್ಸಿಲ್ ರ್ಯಾಡಿಕಲ್ ಎಂಬ ಕ್ಷಣಮಾತ್ರ ಬದುಕುವ ಕಣ. ಒಮ್ಮೆ ದುಡಿದು ಸೋತ ಕಬ್ಬಿಣವನ್ನು ಸೂರ್ಯನ ಬೆಳಕು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಸ್ಪೇನಿನ ಅಲ್ಮೇರಿಯಾ ಪ್ರಾಂತದ ಸೌರ ಸಂಶೋಧನಾ ಕೇಂದ್ರದಲ್ಲಿ ಕೀಟನಾಶಕ ಬೆರೆತ ನೀರನ್ನು ಹೀಗೆ ಶುದ್ಧಿ ಮಾಡಿ ನೋಡಿದ್ದಾರೆ.

ಆದರೆ ಇದಕ್ಕೆ ಷರತ್ತುಗಳಿವೆ. ಮೊದಲನೆಯದು ಹುಳಿ. ಪಿ.ಎಚ್. 2.8ರ ಆಸುಪಾಸಿನಲ್ಲಿ ಈ ಕ್ರಿಯೆ ಅತ್ಯಂತ ಚುರುಕು. 4 ದಾಟಿತೆಂದರೆ ಕಬ್ಬಿಣ ತುಕ್ಕಿನಂತೆ ತಳಕ್ಕೆ ಕೂರುತ್ತದೆ, ಕೆಲಸ ಕುಂಟುತ್ತದೆ. ಹುಳಿತ ಪಲ್ಪಿಂಗ್ ನೀರು ಸುಮಾರು 4ರಲ್ಲಿರುತ್ತದೆ. ಪಿ.ಎಚ್. ಒಂದು ಅಂಕಿ ಇಳಿಯಬೇಕಾದರೆ ಹುಳಿ ಹತ್ತು ಪಟ್ಟಾಗಬೇಕು. ಅಂದರೆ ಮೊದಲು ಆಸಿಡ್ಡಿನ ಖರ್ಚು, ಕೆಲಸ ಮುಗಿದ ಮೇಲೆ ಸುಣ್ಣದ ಖರ್ಚು.

ಎರಡನೆಯದು ಶಾಖ. ಬೆಳಕು ಮಾಡುವ ಕೆಲಸಕ್ಕೆ ಶಾಖದ ಹಂಗು ಕಡಿಮೆ. ಉಳಿದ ಹಂತಗಳು ನೀರು ಬೆಚ್ಚಗಿದ್ದರೆ ಬೇಗ ಸಾಗುತ್ತವೆ. ಅತಿ ಬಿಸಿಯಾದರೂ ನಷ್ಟವೇ, ಪೆರಾಕ್ಸೈಡ್ ಸುಮ್ಮನೆ ಒಡೆದು ಹೋಗುತ್ತದೆ. ನಮ್ಮ ಪಲ್ಪರ್ ತಿರುಗುವುದು ಡಿಸೆಂಬರ್, ಜನವರಿಯ ಮಂಜಿನಲ್ಲಿ. ಸಾಲದ್ದಕ್ಕೆ ನೀರು ಕಂದು ಬಣ್ಣದ್ದು. ಬೆಳಕು ಆಳಕ್ಕೆ ಇಳಿಯುವುದಿಲ್ಲ.

ಮೂರನೆಯದು ಲೆಕ್ಕ. ಒಂದು ಲೀಟರ್ ನೀರಿನ ಕೊಳೆಯನ್ನು ಪೂರ್ತಿ ಸುಡಲು 5 ಗ್ರಾಂ ಆಮ್ಲಜನಕ ಬೇಕೆಂದಿಟ್ಟುಕೊಳ್ಳಿ. ಆಗ ಸಾವಿರ ಲೀಟರಿಗೆ ಹತ್ತು ಕಿಲೋ ಮೀರಿ ಶುದ್ಧ ಪೆರಾಕ್ಸೈಡ್ ಬೇಕು. ಶೇಕಡಾ 50ರ ದ್ರಾವಣವಾದರೆ ಇಪ್ಪತ್ತು ಕಿಲೋ ಮೀರಿ. ಅದು ಕೈ ಸುಡುವ ವಸ್ತು, ಕೂಲಿಯವರ ಕೈಗೆ ಕೊಡುವಂಥದ್ದಲ್ಲ. ಎರಡೆಕರೆ, ಮೂರೆಕರೆಯ ಬೆಳೆಗಾರನಿಗೆ ಇದು ಗಿಟ್ಟುವ ಬಾಬತ್ತೇ?

ನಮ್ಮ ಅಭಿಪ್ರಾಯ ಇಷ್ಟು. ಮೊದಲು ನೀರಿನ ಬಳಕೆ ತಗ್ಗಿಸೋಣ. ಪಲ್ಪರಿನ ನೀರನ್ನೇ ಸೋಸಿ ಮರಳಿ ಬಳಸೋಣ. ಸಿಪ್ಪೆಯನ್ನು ನೀರಿನಲ್ಲಿ ನೆನೆಯಲು ಬಿಡದೆ ಗೊಬ್ಬರದ ಗುಂಡಿಗೆ ಹಾಕೋಣ. ಉಳಿದ ನೀರಿಗೆ ಸುಣ್ಣ ಕೊಟ್ಟು, ಸೂಕ್ಷ್ಮಜೀವಿಗಳು ಕೆಲಸ ಮಾಡುವಷ್ಟು ದಿನ ತೊಟ್ಟಿಯಲ್ಲಿ ನಿಲ್ಲಿಸೋಣ. ಬಿಸಿಲಿನ ವಿಧಾನಕ್ಕೆ ಜಾಗವಿದ್ದರೆ ಅದು ಕೊನೆಯ ಹಂತದಲ್ಲಿ, ಅದೂ ಹತ್ತಾರು ಮಂದಿ ಕೂಡಿ ಕಟ್ಟಿದ ಘಟಕದಲ್ಲಿ.

ಮಾರಲು ಬಂದವರನ್ನು ಮೂರೇ ಮಾತು ಕೇಳಿ: ಪಿ.ಎಚ್. ಎಷ್ಟಿರಬೇಕು? ಶಾಖ ಎಷ್ಟು? ಸಾವಿರ ಲೀಟರಿಗೆ ಎಷ್ಟು ಕಿಲೋ? ಉತ್ತರ ಬಾರದಿದ್ದರೆ ಕಾಫಿ ಕೊಟ್ಟು ಕಳಿಸಿ, ಹಣ ಕೊಡಬೇಡಿ. ಕೂಡಿ ಕಟ್ಟುವ ಘಟಕದ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಚರ್ಚೆಗಿಡುತ್ತೇವೆ. ತಪ್ಪದೆ ಬನ್ನಿ.

— ಕಾರ್ಯದರ್ಶಿ