ಬರುತ್ತೀರೋ, ಇಲ್ಲವೋ?
ಅಮೆರಿಕದಲ್ಲಿ ಮದುವೆಯ ಆಮಂತ್ರಣ ಸಾಮಾನ್ಯವಾಗಿ 6ರಿಂದ 8 ವಾರ ಮೊದಲೇ ಅಂಚೆಗೆ ಬೀಳುತ್ತದೆ. ಬರುವುದನ್ನು ಖಚಿತಪಡಿಸಲು ಕೊಡುವ ಗಡುವು ಮದುವೆಗೆ 3–4 ವಾರ ಮುಂಚಿನದು. ಈ ದಿನವನ್ನು ಗೊತ್ತುಮಾಡುವುದು ಅಡುಗೆಯವರ ಲೆಕ್ಕ ನೋಡಿಕೊಂಡು. ಊಟಕ್ಕೆ ತಲೆಗಿಷ್ಟು ಎಂದು ದರ ಕಟ್ಟುವ ಅವರು ಕೊನೆಯ ಸಂಖ್ಯೆಯನ್ನು ಒಂದೆರಡು ವಾರ ಮುಂಚೆಯೇ ಕೇಳುತ್ತಾರೆ; ಆಮೇಲೆ ಜನ ಕಡಿಮೆಯಾದರೂ ಬಿಲ್ಲು ಸಾಮಾನ್ಯವಾಗಿ ಕಡಿಮೆಯಾಗದು. ಗಡುವಿಗೂ ಅಡುಗೆಯವರಿಗೆ ಸಂಖ್ಯೆ ಹೇಳುವ ದಿನಕ್ಕೂ ನಡುವೆ ಒಂದು ವಾರವಾದರೂ ಇರಬೇಕು, ಏಕೆಂದರೆ ಉತ್ತರಿಸದೆ ಸುಮ್ಮನೆ ಕುಳಿತವರಿಗೆ ಫೋನು ಮಾಡುವ ಕೆಲಸ ತಪ್ಪಿದ್ದಲ್ಲ. ಆಮಂತ್ರಣದೊಳಗೆ ಅಂಚೆಚೀಟಿ ಅಂಟಿಸಿದ ಲಕೋಟೆಯ ಜೊತೆ ಇಟ್ಟು ಕಳಿಸಿದ ಉತ್ತರದ ಕಾರ್ಡಿನಲ್ಲಿ ತಮ್ಮ ಹೆಸರನ್ನೇ ಬರೆಯಲು ಮರೆಯುವ ಮಹನೀಯರೂ ಇರುತ್ತಾರೆ. ಅದಕ್ಕೇ ಕಾರ್ಡಿನ ಹಿಂಬದಿಗೆ ಪೆನ್ಸಿಲಿನಲ್ಲಿ ಸಣ್ಣ ಅಂಕಿ ಹಾಕಿ, ಅತಿಥಿಗಳ ಪಟ್ಟಿಯಲ್ಲೂ ಅದನ್ನೇ ಗುರುತಿಸಿಡುವ ರೂಢಿಯಿದೆ. ಅಲ್ಲಿನ ಕನ್ನಡ ಮನೆಗಳಲ್ಲಿ ಊರಿನಿಂದ ವೀಸಾ ಮಾಡಿಸಿಕೊಂಡು ಬರುವ ನೆಂಟರಿಗೆ ಈ ಲೆಕ್ಕ ಸಾಲದು. ಅವರಿಗೆ ತಿಂಗಳುಗಟ್ಟಲೆ ಮೊದಲೇ ತಿಳಿಸಬೇಕಾಗುತ್ತದೆ.