ಮೀಟರಿನೊಳಗೂ ಮಳೆಗಾಲ!

ಮಲೆನಾಡಿಗೆ ಮಳೆ ಹಿಡಿಯಿತೆಂದರೆ ಎಲ್ಲಕ್ಕೂ ತೇವ. ಅಂಗಡಿಯ ಬೆಲ್ಲ ನೀರೊಡೆಯುತ್ತದೆ, ಉಪ್ಪಿನ ಮೂಟೆ ಜಿನುಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಂಥ ಸೀಮೆಯಲ್ಲಿ ಕಾರು, ಗೂಡ್ಸ್ ಆಟೋ, ಬಸ್ಸುಗಳ ಮೀಟರುಗಳು ಮಾತ್ರ ಒಣಗಿರಬೇಕೆಂದರೆ ಹೇಗೆ? ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಮುಳ್ಳು ನಲವತ್ತರಲ್ಲಿದೆಯೋ ಅರವತ್ತರಲ್ಲಿದೆಯೋ ದೇವರೇ ಬಲ್ಲ.

ಗ್ಯಾರೇಜಿನಲ್ಲಿ ಕೇಳಿದರೆ ಸಿದ್ಧ ಉತ್ತರ: 'ಮಳೆಗಾಲ ಅಲ್ವಾ ಸಾರ್, ಬಿಸಿಲು ಬಂದ್ರೆ ತಾನಾಗೇ ಹೋಗತ್ತೆ.' ಇದು ಅರ್ಧ ನಿಜ. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ.

ಮೀಟರಿನ ಡಬ್ಬಿಯೂ ಉಸಿರಾಡುತ್ತದೆ. ಗಾಡಿ ಓಡುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಹೊರಗಿನ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ತಣ್ಣಗಿರುವ ಸೋಡಾ ಬಾಟಲಿ ಹೊರಗಡೆ ಬೆವರುತ್ತದಲ್ಲ, ಅದೇ ಆಟ. ಇಲ್ಲಿ ಗಾಜು ಒಳಗಡೆ ಬೆವರುತ್ತದೆ, ಅಷ್ಟೇ ವ್ಯತ್ಯಾಸ.

ಹೀಗೆ ಬೆಳಿಗ್ಗೆ ತೆಳ್ಳಗೆ ಕಟ್ಟಿದ ಮಂಜು ಗಾಡಿ ಓಡಿದ ಸ್ವಲ್ಪ ಹೊತ್ತಿಗೆ ಆರಿಹೋದರೆ ಗಾಬರಿ ಬೇಡ. ಆದರೆ ಹನಿ ದಪ್ಪಗಾಗಿ ಕೆಳಗೆ ಇಳಿಯುತ್ತಿದ್ದರೆ, ಮಧ್ಯಾಹ್ನವಾದರೂ ಆರದಿದ್ದರೆ, ಅದು ಹವೆಯ ಗುಣ ಅಲ್ಲ. ಎಲ್ಲೋ ನೀರು ನುಗ್ಗುತ್ತಿದೆ ಎಂದೇ ಅರ್ಥ. ಗಾಜಿನ ಸುತ್ತಲಿನ ರಬ್ಬರ್ ರಿಂಗ್ ಗಟ್ಟಿಯಾಗಿ ಬಿರಿದಿರಬಹುದು. ಕೇಬಲ್ಲು, ವೈರು ಹೋಗುವ ತೂತಿನ ರಬ್ಬರ್ ಬಿದ್ದುಹೋಗಿರಬಹುದು. ಮುಂದಿನ ಗಾಜಿನ ಬೀಡಿಂಗ್ ಸೋರಿ ಡ್ಯಾಶ್‌ಬೋರ್ಡಿನ ಹಿಂದೆ ನೀರು ಇಳಿಯುತ್ತಿರಬಹುದು. ಕಾಲಡಿಯ ಮ್ಯಾಟು ವಾರಗಟ್ಟಲೆ ಒದ್ದೆ ಇದ್ದರೂ ಸಾಕು. ಇನ್ನು ವಾಟರ್ ಸರ್ವಿಸಿನ ಹುಡುಗರು ದ್ವಿಚಕ್ರ ವಾಹನಗಳ ಮೀಟರಿಗೇ ಜೆಟ್ ಹಿಡಿಯುವುದನ್ನು ಪೇಟೆಯಲ್ಲಿ ಯಾರು ನೋಡಿಲ್ಲ?

ಉಪಾಯ ಸರಳ. ಮೊದಲು ಸೋರುವ ಜಾಗ ಹುಡುಕಬೇಕು. ಮೀಟರು ಬಿಚ್ಚಿ ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ, ಮೀಟರಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ಹಾಕಿಟ್ಟರೆ ತೇವ ಹೀರುತ್ತವೆ. ಆಮೇಲೆ ಹೊಸ ರಬ್ಬರ್ ಹಾಕಿ ಕೂರಿಸಬೇಕು. ಮಾಡಬಾರದ್ದೂ ಉಂಟು. ಪ್ಲಾಸ್ಟಿಕ್ ಗಾಜಿಗೆ ಪೆಟ್ರೋಲು, ಥಿನ್ನರ್ ಒರೆಸಿದರೆ ಅದು ಶಾಶ್ವತವಾಗಿ ಮಬ್ಬಾಗುತ್ತದೆ. ಉಸಿರಾಡಲೆಂದೇ ಬಿಟ್ಟಿರುವ ಸಣ್ಣ ತೂತನ್ನು ಎಂ-ಸೀಲ್ ಮೆತ್ತಿ ಮುಚ್ಚಿದರೆ, ಒಳಗಿನ ತೇವ ಒಳಗೇ ಉಳಿಯುತ್ತದೆ. ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ!

ಈಗಿನ ಡಿಜಿಟಲ್ ಮೀಟರುಗಳ ಕಥೆ ಬೇರೆ. ಅವನ್ನು ಕಂಡಕಂಡಲ್ಲಿ ಬಿಚ್ಚುವಂತಿಲ್ಲ. ವಾರಂಟಿ ಇದ್ದರೆ ಶೋರೂಮಿನವರಿಗೇ ತೋರಿಸಬೇಕು. ಆದರೆ ಹಳೆಯ ಮುಳ್ಳಿನ ಮೀಟರಿಗೂ 'ಪೂರ್ತಿ ಸೆಟ್ ಚೇಂಜ್ ಮಾಡ್ಬೇಕು' ಎಂದು ಬಿಲ್ಲು ಬರೆಯುವುದು ಯಾವ ನ್ಯಾಯ? ರಬ್ಬರ್ ರಿಂಗಿನಲ್ಲಿ ಮುಗಿಯುವ ಕೆಲಸಕ್ಕೆ ಸಣ್ಣ ಅಂಗಡಿಯವನ ವಾರದ ಲಾಭ ಹೋಗಬೇಕೆ? ರಿಂಗ್ ಕೇಳಿ ಹಾಕಿಸಿಕೊಳ್ಳುವ ಹಕ್ಕು ಗಿರಾಕಿಗಿದೆ. ಮೀಟರು ಬಿಚ್ಚುವ ಮುಂಚೆ ಓಡಿದ ಕಿಲೋಮೀಟರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೂ ಒಳ್ಳೆಯದು. ನಾಳೆ ಗಾಡಿ ಮಾರುವಾಗ 'ಕಿಲೋಮೀಟರ್ ತಿರುಗಿಸಿದ್ದೀರಿ' ಎಂಬ ಅಪವಾದ ತಪ್ಪುತ್ತದೆ.

ಸ್ವಂತ ಗಾಡಿಯವರದ್ದು ಹೇಗೋ ನಡೆಯುತ್ತದೆ. ಬಸ್ಸಿನ ಪ್ರಯಾಣಿಕರ ಪಾಡೇನು? ಏರ್ ಬ್ರೇಕಿನ ಬಸ್ಸಿನಲ್ಲಿ ಗಾಳಿಯ ಒತ್ತಡ ತೋರಿಸುವ ಗೇಜು ಬರೀ ಅಲಂಕಾರಕ್ಕಲ್ಲ. ಹುಲಿಕಲ್ ಘಾಟಿ ಇಳಿಯುವಾಗ ಮೇಲಿಂದ ಮೇಲೆ ಬ್ರೇಕು ಒತ್ತಿದಂತೆ ಗಾಳಿ ಖರ್ಚಾಗುತ್ತದೆ. ಡ್ರೈವರು ಮುಳ್ಳನ್ನು ನೋಡಿಯೇ ಮುಂದುವರಿಯಬೇಕು. 'ಬಜರ್ ಕೂಗುತ್ತದಲ್ಲ' ಎನ್ನುವವರಿದ್ದಾರೆ. ಬಜರ್ ಕೂಗುವುದು ಒತ್ತಡ ಕುಸಿದ ಮೇಲೆ. ಕುಸಿಯುತ್ತಿದೆ ಎಂದು ಮೊದಲೇ ಹೇಳುವುದು ಮುಳ್ಳು. ಅದಕ್ಕೇ ಮಂಜು ಮುಸುಕಿದರೆ ಡ್ರೈವರು ಅಂದಾಜಿನ ಮೇಲೆ ಬಸ್ಸು ಇಳಿಸಬೇಕು. ಎಂಜಿನ್ ಕಾವಿನ ಮೀಟರು ಕಾಣದೆ ಘಾಟಿ ಹತ್ತುವುದೂ ಇಂಥದ್ದೇ ಸಾಹಸ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಹೇಳುವುದೇನು? ಚಾಲಕನಿಗೆ ವೇಗ ತಿಳಿಯುವ ಹಾಗೆ ಸ್ಪೀಡೋಮೀಟರ್ ಇರಬೇಕು ಎಂದು. ಮೀಟರು ಇದೆ, ಓದಲು ಬರುವುದಿಲ್ಲ ಎಂದರೆ ಅದು ಇದ್ದೂ ಇಲ್ಲದ ಲೆಕ್ಕ. ಆದರೆ ಎಫ್‌ಸಿಗೆಂದು ಬಿಸಿಲಿನ ದಿನ ತಂದು ನಿಲ್ಲಿಸಿದ ಬಸ್ಸಿನಲ್ಲಿ ಈ ಮಂಜು ಕಾಣುವುದೇ ಇಲ್ಲ. ಅದು ಕಾಣುವುದು ಜುಲೈ ತಿಂಗಳ ಮುಂಜಾನೆಯ ಮೊದಲ ಟ್ರಿಪ್ಪಿನಲ್ಲಿ, ಅದೂ ಡ್ರೈವರೊಬ್ಬನಿಗೆ.

ಆದ್ದರಿಂದ ಘಾಟಿ ಓಡುವ ಬಸ್ಸುಗಳ ಮಾಲೀಕರು, ಡಿಪೋದವರು ಮೇ ತಿಂಗಳಲ್ಲೇ ಮೀಟರುಗಳ ರಬ್ಬರು, ಮುಂದಿನ ಗಾಜಿನ ಬೀಡಿಂಗು ನೋಡಿಸಲಿ. ಸಾರಿಗೆ ಅಧಿಕಾರಿಗಳು ಮಳೆಗಾಲದಲ್ಲಿ ಒಂದೆರಡು ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದು, ಡ್ರೈವರ್ ಸೀಟಿನಲ್ಲಿ ಕುಳಿತು ಕಣ್ಣಾಡಿಸಲಿ. ಡ್ರೈವರು 'ಮೀಟರು ಕಾಣ್ತಿಲ್ಲ' ಎಂದು ಪುಸ್ತಕದಲ್ಲಿ ಬರೆದರೆ, ಅವನನ್ನು ಕಿರಿಕಿರಿ ಮನುಷ್ಯ ಎನ್ನುವುದು ಬಿಟ್ಟು ಆ ದಿನವೇ ರಿಪೇರಿ ಮಾಡಿಸಲಿ. ಟಿಕೆಟಿನ ದುಡ್ಡು ಕೊಟ್ಟು ಹಿಂದೆ ಕುಳಿತವರಿಗೆ ಮೀಟರು ಕಾಣುವುದಿಲ್ಲ. ಮುಂದೆ ಕುಳಿತವನಿಗಾದರೂ ಕಾಣಲಿ.